ಕಾರ್ತಿಕದಲ್ಲಿ ಶೃಂಗೇರಿ

ಮಳೆಗಾಲದಲ್ಲಿ ಮಲೆನಾಡಿನ ಹೊಳೆಗೆ ದೂರದಿಂದಲೇ ಕೈಮುಗಿಯಬೇಕು. ಕಾರ್ತಿಕ ಬಂದಮೇಲೆ ಅದರ ಬಳಿ ಕುಳಿತು ಮಾತನಾಡಿಸಬಹುದು. ಈ ಆಸೆಯಿಂದಲೇ ನಾವು ಮುಂಜಾನೆ ನರಸಿಂಹರಾಜಪುರವನ್ನು ಬಿಟ್ಟು, ಮಂಜು ಕವಿದ ಅಡಕೆಯ ತೋಟಗಳ ನಡುವೆ, ಕೊಪ್ಪ ಹರಿಹರಪುರಗಳ ಮಾರ್ಗವಾಗಿ ಶೃಂಗೇರಿಯನ್ನು ಸೇರಿದೆವು.

14ನೆಯ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿಗಳ ಕಂಬಗಳನ್ನು ನೋಡಿ ತುಂಗೆಯ ಸೋಪಾನಕ್ಕಿಳಿದೆವು. ದೊಡ್ಡ ದೊಡ್ಡ ಮೀನುಗಳು ಕಾಲಬಳಿಗೇ ಬಂದು ಪುರಿಗಾಗಿ ಬಾಯ್ದೆರೆದುವು. ಈ ನಿರ್ಭಯತೆ ಮೀನಿನ ಹುಟ್ಟುಗುಣವಲ್ಲ. ಇಲ್ಲಿ ಯಾರೂ ಬಲೆ ಬೀಸುವುದಿಲ್ಲ. ತಲೆಮಾರುಗಳಿಂದ ಮನುಷ್ಯನು ತನ್ನ ಕೈಯನ್ನು ತಡೆದುಕೊಂಡುದರ ಫಲವದು.

ಆದರೆ ಕೈ ತಡೆಯದಿದ್ದ ದಿನವನ್ನೂ ಈ ದಡವು ಕಂಡಿದೆ. 1791ರಲ್ಲಿ ಮರಾಠಾ ದಂಡಿನ ಲೂಟಿಗಾರರು ಮಠವನ್ನು ಸೂರೆಗೊಂಡು, ಶಾರದೆಯ ವಿಗ್ರಹವನ್ನೂ ಕದಲಿಸಿದರು. ಆಗ ಗುರುಗಳಿಗೆ ನೆರವಾದವನು ಟಿಪ್ಪು ಸುಲ್ತಾನ. ಅವನು ಬರೆಯಿಸಿದ ಕನ್ನಡ ಪತ್ರಗಳನ್ನು 1916ರಲ್ಲಿ ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು. ಪುನಃಪ್ರತಿಷ್ಠೆಗೆ ಹಣವನ್ನೂ ದವಸವನ್ನೂ ಕೊಡಿಸುವ ಅಪ್ಪಣೆ ಅವುಗಳಲ್ಲುಂಟು. ಮರಾಠರು ಅವನ ಶತ್ರುಗಳು. ಈ ಔದಾರ್ಯದಲ್ಲಿ ರಾಜಕಾರಣವೂ ಬೆರೆತಿರಬಹುದು. ಆದರೂ ಕೊಳ್ಳೆ ಹೊಡೆದುದು ಸ್ವಧರ್ಮದ ಪ್ರಭುಗಳ ದಂಡು, ಕೈ ನೀಡಿದವನು ಅನ್ಯಧರ್ಮದ ಅರಸು ಎಂಬುದನ್ನು ಆ ಓಲೆಗಳು ಮರೆಯಗೊಡುವುದಿಲ್ಲ.

ಸಂಜೆಯಾಯಿತು. ಕಾರ್ತಿಕದ ಹಣತೆಗಳ ಬೆಳಕು ನೀರಿನಲ್ಲಿ ನಡುಗಿತು; ಅದರಡಿಯಲ್ಲಿ ಮೀನುಗಳು ನೆಮ್ಮದಿಯಾಗಿ ಸುಳಿದುವು. ತಡೆದ ಕೈಗಳಿಂದಲೂ ನೀಡಿದ ಕೈಗಳಿಂದಲೂ ಉಳಿದುಬಂದ ಕ್ಷೇತ್ರವಿದು ಎಂದು ನೆನೆಯುತ್ತ ನಾವು ಮೆಟ್ಟಿಲೇರಿದೆವು.