ಸಾಲಕ್ಕೆ ಆಳು ಒತ್ತೆಯಲ್ಲ



ಮನುಷ್ಯರೆಲ್ಲ ಸಮಾನರೆಂದು ಅಮೆರಿಕ 1776ರಲ್ಲಿ ಸಾರಿತು. ಆ ಘೋಷಣೆಯನ್ನು ಬರೆದ ಥಾಮಸ್ ಜೆಫರ್ಸನ್ ಬದುಕಿನುದ್ದಕ್ಕೂ 600ಕ್ಕೂ ಹೆಚ್ಚು ಗುಲಾಮರ ಒಡೆಯನಾಗಿದ್ದ. 1787ರ ಸಂವಿಧಾನವೂ ಗುಲಾಮಗಿರಿಯನ್ನು ಮುಟ್ಟಲಿಲ್ಲ. ಜನರನ್ನು ಎಣಿಸುವಾಗ ಐದು ಗುಲಾಮರನ್ನು ಮೂರೇ ಮಂದಿ ಎಂದು ಲೆಕ್ಕ ಹಿಡಿಯಿತು. ಗುಲಾಮಗಿರಿ ಕಾನೂನಿನಿಂದ ತೊಲಗಲು 1865ರವರೆಗೆ ಕಾಯಬೇಕಾಯಿತು.

ಮನುಷ್ಯರನ್ನು ಕಟ್ಟಿಹಾಕಿ ದುಡಿಸುವುದು ಅಲ್ಲಷ್ಟೇ ಇರಲಿಲ್ಲ. ನಮ್ಮ ಮರಾಠವಾಡದ ಉದಗೀರ, ನಿಲಂಗಾ, ಉಮರ್ಗಾ ಆಗ ನಿಜಾಮರ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಹಳ್ಳಿಗಳಲ್ಲಿ ಜಹಗೀರದಾರರಿಗೆ ಬಿಟ್ಟಿ ದುಡಿಯುವುದು, ಸಾಲಕ್ಕೆ ಜೀತಕ್ಕಿರುವುದು ರೂಢಿಯಾಗಿತ್ತು. ಭಗೇಲಾ ಎಂಬ ಜೀತದ ಕರಾರಿಗೆ ಕಡಿವಾಣ ಹಾಕಲು ನಿಜಾಮ ಸರ್ಕಾರವೇ 1936ರಲ್ಲಿ ಕಾಯ್ದೆ ತಂದರೂ ಜೀತ ಅಳಿಯಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಸ್ವತಂತ್ರ ಆಳ್ವಿಕೆ ಕೊನೆಗಂಡಿತು. ಭಾರತದ ಸಂವಿಧಾನವೇ ಇಲ್ಲಿಗೂ ಅನ್ವಯವೆಂದು 1949ರ ನವೆಂಬರ್ 23ರಂದು ನಿಜಾಮರು ಫರ್ಮಾನು ಹೊರಡಿಸಿದರು. ಎರಡೇ ದಿನಕ್ಕೆ, ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಎಚ್ಚರಿಕೆ ಕೊಟ್ಟರು: ಮತದಲ್ಲಿ ಸಮಾನತೆ ಬಂದು ಬದುಕಿನಲ್ಲಿ ಬಾರದಿದ್ದರೆ ಪ್ರಜಾಪ್ರಭುತ್ವಕ್ಕೇ ಗಂಡಾಂತರ.

ನಮ್ಮ ಸಂವಿಧಾನದ 23ನೇ ವಿಧಿ ಬೇಗಾರ್, ಅಂದರೆ ಬಿಟ್ಟಿ ದುಡಿಮೆಯನ್ನು ಹೆಸರು ಹಿಡಿದೇ ನಿಷೇಧಿಸಿದೆ. ಅದು ಸರ್ಕಾರಕ್ಕಷ್ಟೇ ಹಾಕಿದ ಕಟ್ಟಲ್ಲ. ಹೊಲದ ಧಣಿಗೂ ಗುತ್ತೇದಾರನಿಗೂ ಅನ್ವಯಿಸುತ್ತದೆ. ಆದರೂ ಇಡೀ ದೇಶಕ್ಕೆ ಜೀತ ನಿರ್ಮೂಲನಾ ಕಾಯ್ದೆ ಬಂದದ್ದು 1976ರಲ್ಲಿ. ಅದರ ಪ್ರಕಾರ ಜೀತದ ಸಾಲ ತೀರಿಸಬೇಕಾಗಿಲ್ಲ, ಅದು ರದ್ದು. ಇದು ಜೀತದ ಸಾಲವೆಂದು ಆಳು ಹೇಳಿದರೆ, ಅಲ್ಲವೆಂದು ರುಜುವಾತು ಮಾಡುವ ಹೊಣೆ ಸಾಲ ಕೊಟ್ಟವನದು. ಜೀತಕ್ಕಿಟ್ಟವನಿಗೆ ಮೂರು ವರ್ಷದವರೆಗೆ ಸೆರೆವಾಸವಿದೆ.

ಇವತ್ತಿನ ಮಾತಿಗೆ ಬರೋಣ. ಮರಾಠವಾಡದಿಂದ ಕಬ್ಬು ಕಡಿಯಲು ಹೋಗುವವರು ಕೂಲಿಗಳನ್ನು ಒದಗಿಸುವ ಮುಕಾದಮನಿಂದ ಮುಂಗಡ ಪಡೆಯುತ್ತಾರೆ. ಅದಕ್ಕೆ 'ಉಚಲ' ಎನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಸೇರಿ ಒಂದು 'ಕೋಯ್ತಾ' ಎಂದು ಲೆಕ್ಕ. ಹೆಂಡತಿ ನಸುಕಿನಿಂದ ಕಬ್ಬು ಕಟ್ಟಿ, ಹೊರೆ ಹೊತ್ತು ಗಾಡಿಗೆ ಏರಿಸಿದರೂ ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿಗೆ ಬೇರೆ ಕೂಲಿಯಿಲ್ಲ. ಮುಂಗಡ ಪಡೆದ ಮಾತ್ರಕ್ಕೆ ಅದು ಜೀತವಲ್ಲ, ನಿಜ. ಆದರೆ ಉಚಲ ತೀರುವ ತನಕ ಬೇರೆಡೆ ಹೋಗಕೂಡದೆಂದು ತಡೆದರೆ ಅದು ಜೀತವೇ. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸಿದರೂ ಅದು ಬಲವಂತದ ದುಡಿಮೆಯೆಂದು ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿದೆ.

ಜೀತ ನಿರ್ಮೂಲನಾ ಕಾಯ್ದೆಯನ್ನು ಜಾರಿ ಮಾಡುವ ಹೊಣೆ ಜಿಲ್ಲಾಧಿಕಾರಿಗಳದು. ಆಳುಗಳನ್ನು ಹಾಗೆ ತಡೆದಿಟ್ಟವರು ನಿಮ್ಮೂರಲ್ಲಿದ್ದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಿ. ಓದುಬರಹ ಬಾರದವರಿಗೆ ನೀವೇ ಬರೆದುಕೊಡಿ. ಅರ್ಜಿಯಲ್ಲಿ ಗಂಡನ ಹೆಸರಿನ ಜೊತೆಗೆ ಹೆಂಡತಿಯ ಹೆಸರನ್ನೂ ಬರೆಯಿರಿ.