ಹರಳಿನ ಓಲೆ

ಅಕ್ಕಂದಿರೇ, ಕೆಂಪು ಹರಳಿನ ಓಲೆ ಮಾಡಿಸಬೇಕು ಅಂತ ನಮಗೆಲ್ಲ ಆಸೆ. ಎರಕದ ಓಲೆ ಹೇಗೆ ಆಗುತ್ತೆ, ನೋಡೋಣ.

ಅಕ್ಕಸಾಲಿಗರು ಮೊದಲು ಹರಳಿನ ಅಳತೆ ತೆಗೆದು ನಮೂನೆ ಬರೆಯುತ್ತಾರೆ. ಅದರಂತೆ ಮೇಣದಲ್ಲಿ ಓಲೆ ಮಾಡುತ್ತಾರೆ. ಬದಲಾವಣೆ ಬೇಕಾದರೆ ಆಗಲೇ ಹೇಳೋಣ. ಎರಕ ಆದ ಮೇಲೆ ಕಷ್ಟ. ಮೇಣದ ಸುತ್ತ ಗಾರೆಯಂಥ ಪುಡಿ ಕಲಸಿ ಸುರಿಯುತ್ತಾರೆ. ಗಟ್ಟಿಯಾದ ಮೇಲೆ ಕುಲುಮೆಯಲ್ಲಿ ಕಾಯಿಸುತ್ತಾರೆ. ಮೇಣ ಕರಗಿ ಹೋಗುತ್ತೆ. ಆ ಖಾಲಿ ಜಾಗಕ್ಕೆ ಕರಗಿದ ಚಿನ್ನ ಹೊಯ್ಯುತ್ತಾರೆ. ಆರಿದಾಗ ಅಚ್ಚು ಒಡೆದು, ಉಜ್ಜಿ, ಹರಳು ಕೂರಿಸುತ್ತಾರೆ.

ಇನ್ನು ತೂಕ. ಜೊತೆ ಓಲೆ 8 ಗ್ರಾಂ, ಅದರಲ್ಲಿ ಹರಳು 1 ಗ್ರಾಂ ಅನ್ನಿ. ಚಿನ್ನ 7 ಗ್ರಾಂ ಮಾತ್ರ. ಹರಳಿಗೂ ಚಿನ್ನದ ದರ ಯಾಕೆ ಕೊಡಬೇಕು? ರಸೀದಿಯಲ್ಲಿ ಎರಡೂ ತೂಕ ಬೇರೆ ಬೇರೆ ಬರೆಸಿ, ನಾವೇ ಓದೋಣ. ಹಾಲ್‌ಮಾರ್ಕ್ ಹಾಕಿದ 22 ಕ್ಯಾರೆಟ್ ಒಡವೆ ಮೇಲೆ 916 ಅಂತ ಇರುತ್ತೆ. ಬಹಳ ಸಣ್ಣ ಅಂಕಿ. ಅಂಗಡಿಯಲ್ಲೇ ಭೂತಗನ್ನಡಿ ಕೇಳೋಣ, ಕೊಡ್ತಾರೆ.