ಕ್ಯಾಮರಾ ಸಿಗುತ್ತದೆ, ನೆಗೆಟಿವ್ ಸಿಗುವುದಿಲ್ಲ

(ಹಂದನಕೆರೆ ಸರ್ಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದಲ್ಲಿ ಹಿರಿಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಿಮ್ಮ ಹವ್ಯಾಸದ ಬಗ್ಗೆ ನಾಲ್ಕು ಮಾತಾಡಿ ಎಂದು ಸಮಿತಿಯವರು ಹೇಳಿದರು. ನನ್ನ ಹವ್ಯಾಸ ಹಳೆಯ ಫಿಲ್ಮ್ ಕ್ಯಾಮರಾಗಳನ್ನು ಕೊಂಡು ಕೂಡಿಡುವುದು. ಮನೆಯಲ್ಲಿ 41 ಇವೆ. ಇದೇನೂ ದೊಡ್ಡ ಸಂಖ್ಯೆಯಲ್ಲ; ಮುಂಬಯಿಯ ದಿಲೀಶ್ ಪಾರೇಖ್ ಅವರು 4,425 ಹಳೆಯ ಕ್ಯಾಮರಾ ಕೂಡಿಸಿ ಗಿನ್ನೆಸ್ ದಾಖಲೆಗೆ ಸೇರಿದವರು. ಫೋನಿನಲ್ಲೇ ಫೋಟೋ ಬರುವಾಗ ಈ ಡಬ್ಬಗಳು ಯಾಕೆ ಎಂದು ಮನೆಯವರು ಕೇಳುತ್ತಾರೆ. ಅದಕ್ಕೆ ಉತ್ತರ ಈ ಶಾಲೆಯ ಅಂಗಳದಲ್ಲೇ ಇದೆ.

ನಮ್ಮ ಹತ್ತನೇ ತರಗತಿಯ ಬೀಳ್ಕೊಡುಗೆಯ ದಿನ ತಿಪಟೂರಿನಿಂದ ಸ್ಟುಡಿಯೋದವರು ಬಂದಿದ್ದರು. ಬೆಂಚು ಜೋಡಿಸಿ, ಮೇಷ್ಟ್ರುಗಳನ್ನು ಕುರ್ಚಿಯಲ್ಲಿ ಕೂರಿಸಿ, ನಮ್ಮನ್ನು ಎತ್ತರ ನೋಡಿ ನಿಲ್ಲಿಸಿದರು. ಅವರ ಕ್ಯಾಮರಾಕ್ಕೆ ಒಂದರ ಮೇಲೊಂದು ಎರಡು ಕಣ್ಣು. ಅವರು ತಲೆ ಬಗ್ಗಿಸಿ ಪೆಟ್ಟಿಗೆಯೊಳಗೆ ನೋಡುತ್ತಿದ್ದರು. ಮುಗಿದ ಮೇಲೆ ಹತ್ತಿರ ಹೋದೆ. "ನೋಡಪ್ಪ" ಎಂದು ತೋರಿಸಿದರು. ಪುಟ್ಟ ಗಾಜಿನ ಮೇಲೆ ನಮ್ಮ ಶಾಲೆ, ಎಡ ಬಲ ಅದಲುಬದಲಾಗಿ, ಬಣ್ಣಬಣ್ಣವಾಗಿ ಕಾಣುತ್ತಿತ್ತು. ಫೋಟೋ ಬೇಕಾದವರು ದುಡ್ಡು ಕೊಟ್ಟು ಹೆಸರು ಬರೆಸಬೇಕಿತ್ತು. ಆ ವರ್ಷ ಕೊಬ್ಬರಿಗೆ ಬೆಲೆ ಇರಲಿಲ್ಲ. ಅಪ್ಪನನ್ನು ಕೇಳಲು ಮನಸ್ಸು ಬರಲಿಲ್ಲ. ನನಗೆ ಫೋಟೋ ಬೇಡ ಎಂದುಬಿಟ್ಟೆ.

ಸಂಬಳ ಬರತೊಡಗಿದ ಮೇಲೆ ಆ ಎರಡು ಕಣ್ಣಿನ ಕ್ಯಾಮರಾ ಹುಡುಕಿದೆ. ಬೆಂಗಳೂರಿನಲ್ಲಿ ಹಳೆ ಸಾಮಾನು ಮಾರುವವರೊಬ್ಬರ ಹತ್ತಿರ ಸಿಕ್ಕಿತು. ಹೊರಗೆ ಥಳಥಳ ಹೊಳೆಯುತ್ತಿತ್ತು. ಕೇಳಿದಷ್ಟು ಕೊಟ್ಟು ತಂದೆ. ಮೊದಲ ರೋಲು ತೊಳೆಸಿದಾಗ ಹನ್ನೆರಡು ಫೋಟೋಗಳೂ ಮಂಜು ಮುಸುಕಿದಂತೆ ಬಂದವು. ಟಾರ್ಚ್ ಹಿಡಿದು ನೋಡಿದರೆ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಷ್ಟು!

ನನಗೇ ನಾಚಿಕೆಯಾಯಿತು. ನಾವು ಕೊಬ್ಬರಿ ಸೀಮೆಯವರು. ಅಟ್ಟದ ಮೇಲಿನ ಕಾಯಿಯನ್ನು ಹೊರಗಿನ ಸಿಪ್ಪೆ ನೋಡಿ ಯಾರಾದರೂ ಒಣಗಿದೆ ಎನ್ನುತ್ತಾರೆಯೇ? ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಗಿಟುಕಿನ ಸದ್ದು ಕೇಳುತ್ತೇವೆ. ಹಳೆ ಕ್ಯಾಮರಾ ಕೊಳ್ಳುವುದೂ ಹಾಗೆಯೇ. ಶಟರನ್ನು ಒಂದು ಸೆಕೆಂಡಿಗೆ ಇಟ್ಟು ಗುಂಡಿ ಒತ್ತಿ ಕಿವಿಗೊಡಬೇಕು. ಗಿರ್ರೆಂದು ಓಡಿ ಮುಚ್ಚಿಕೊಂಡರೆ ಸರಿ. ನಡುವೆ ನಿಂತರೆ ಒಳಗಿನ ಗ್ರೀಸು ಗಟ್ಟಿಯಾಗಿದೆ ಎಂದರ್ಥ. ಹಿಂಬಾಗಿಲು ತೆರೆದು ಲೆನ್ಸಿನೊಳಗೆ ಬೆಳಕು ಬಿಟ್ಟು ನೋಡಬೇಕು. ಬೂಷ್ಟು ಹಳೆಯದಾದರೆ ಗಾಜಿನ ಮೇಲಿನ ಲೇಪವನ್ನೇ ತಿಂದುಬಿಡುತ್ತದೆ, ಒರೆಸಿದರೆ ಹೋಗುವುದಿಲ್ಲ. ತಂದ ಮೇಲೆ ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ, ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ದುಬಾರಿಯದೇ ಬೇಕೆಂದಿಲ್ಲ. ನನ್ನ ಸಂಗ್ರಹದಲ್ಲಿ ನನಗೆ ಇಷ್ಟವಾದವುಗಳಲ್ಲಿ ಒಂದು ಅಗ್ಫಾ ಕ್ಲಿಕ್-3. ನಮ್ಮ ದೇಶದಲ್ಲೇ, ಬರೋಡಾದಲ್ಲಿ ತಯಾರಾದ ಸಾದಾ ಕ್ಯಾಮರಾ. ಎಷ್ಟೋ ಮನೆಗಳ ಮದುವೆ, ನಾಮಕರಣಗಳನ್ನು ಅದು ಉಳಿಸಿದೆ. ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಾರ್ಖಾನೆಯೇ ಇತ್ತು. 'ಇಂದು' ಹೆಸರಿನ ಫಿಲ್ಮ್ ಅಲ್ಲಿಂದ ಬರುತ್ತಿತ್ತು. ಅದು ಈಗ ಮುಚ್ಚಿದೆ.

ಕೆಲವು ವರ್ಷಗಳ ಹಿಂದೆ ತಿಪಟೂರಿನ ಆ ಹಳೆಯ ಸ್ಟುಡಿಯೋದವರನ್ನು ಹುಡುಕಿಕೊಂಡು ಹೋದೆ. ವಯಸ್ಸಾಗಿತ್ತು, ಅಂಗಡಿ ಬೇರೆಯವರ ಪಾಲಾಗಿತ್ತು. ಬೀರುವಿನಿಂದ ಅದೇ ಕ್ಯಾಮರಾ ತೆಗೆದು ಮುಂದಿಟ್ಟರು: ಯಾಶಿಕಾ ಮ್ಯಾಟ್ 124 ಜಿ. ಅದರ ಲೈಟ್ ಮೀಟರಿಗೆ ಬೇಕಾದ ಪಾದರಸದ ಸೆಲ್ಲು ಈಗ ಮಾರುಕಟ್ಟೆಯಲ್ಲಿಲ್ಲ. ಆದರೆ ಶಟರಿಗೆ ಸೆಲ್ಲು ಬೇಕಿಲ್ಲ, ಗಡಿಯಾರದಂತೆ ಓಡುತ್ತಿತ್ತು. ಬೆಲೆ ಮಾತಾಡಿ ಮುಗಿಸಿ, "ಯಜಮಾನರೇ, ಹಂದನಕೆರೆ ಸ್ಕೂಲಿನ ನೆಗೆಟಿವ್ ಇದೆಯೇ?" ಎಂದು ಕೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡು ಮೂಟೆ ಇತ್ತಪ್ಪ. ಅಂಗಡಿ ಖಾಲಿ ಮಾಡುವಾಗ ತೂಕಕ್ಕೆ ಹಾಕಿಬಿಟ್ಟೆ" ಎಂದರು. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ. ಅದನ್ನು ತೆಗೆಯಲು ಗುಜರಿಯವರು ಕೊಳ್ಳುತ್ತಾರೆ. ನಮ್ಮ ಸುತ್ತಮುತ್ತಲ ಶಾಲೆಗಳ ಮಕ್ಕಳ ಮುಖಗಳೆಲ್ಲ ಹಾಗೆ ಕರಗಿಹೋದವು. ಅವರನ್ನು ದೂರಲಾರೆ. ಅಷ್ಟು ವರ್ಷ ಅವರ ಬಳಿ ಹೋಗಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಕ್ಯಾಮರಾಕ್ಕಾಗಿ ಊರೂರು ಅಲೆದವನು ನೆಗೆಟಿವಿನ ಬಗ್ಗೆ ಯೋಚಿಸಿದ್ದು ಅಂದೇ ಮೊದಲು.

ಮೈಸೂರಿನ ಟಿ.ಎಸ್. ಸತ್ಯನ್ ಮಾಮೂಲಿ ಜನರ, ಮಕ್ಕಳ ಫೋಟೋ ತೆಗೆದು ದೇಶಕ್ಕೇ ಹೆಸರಾದರು. ಎಲ್ಲ ಊರಿಗೂ ಒಬ್ಬ ಸತ್ಯನ್ ಇರುವುದಿಲ್ಲ. ನಮ್ಮ ಮುಖಗಳನ್ನು ಉಳಿಸಿದವರು ಸ್ಟುಡಿಯೋದವರು ಮತ್ತು ಅಂದು ದುಡ್ಡು ಕೊಟ್ಟು ಫೋಟೋ ಕೊಂಡ ಮನೆಗಳವರು.

ಅಂಥ ಒಂದು ಮನೆ ಸಿಕ್ಕಿತು. ಈ ಸಮಾರಂಭದ ತಯಾರಿಗೆಂದು ಹೋದಾಗ ಸಹಪಾಠಿಯೊಬ್ಬರ ಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕದಲ್ಲಿ ನಮ್ಮ ಫೋಟೋ ನೇತಾಡುತ್ತಿತ್ತು. ಒಂದು ಮೂಲೆ ಗೆದ್ದಲು ತಿಂದಿದೆ. ಹಿಂದಿನ ಸಾಲಿನ ತುದಿಯಲ್ಲಿ, ಅಣ್ಣನ ದೊಗಳೆ ಅಂಗಿ ತೊಟ್ಟುಕೊಂಡು ನಾನಿದ್ದೇನೆ. ನನ್ನ ಆ ವಯಸ್ಸಿನ ಫೋಟೋ ನಾನು ನೋಡಿದ್ದು ಅದೊಂದೇ. ಆದರೆ ನಾಲ್ಕು ಜನರ ಹೆಸರು ಇಬ್ಬರಿಗೂ ನೆನಪಾಗಲಿಲ್ಲ.

ಆದ್ದರಿಂದ ಒಂದು ಬಿನ್ನಹ. ನಿಮ್ಮ ಅಟ್ಟ, ಪೆಟ್ಟಿಗೆ, ಗೋಡೆಗಳಲ್ಲಿರುವ ಶಾಲೆಯ ಫೋಟೋಗಳನ್ನು ದಯವಿಟ್ಟು ಹುಡುಕಿ. ಮೂಲವನ್ನು ಕೊಡಬೇಡಿ, ನಿಮ್ಮಲ್ಲೇ ಇರಲಿ. ಬಿಸಿಲು ನೇರ ಬೀಳದ ಬೆಳಕಿನಲ್ಲಿ, ಫ್ಲಾಶ್ ಇಲ್ಲದೆ, ಫೋನಿನಿಂದ ನಕಲು ತೆಗೆದು ಶಾಲೆಗೆ ಕೊಡಿ. ಯಾರು ಯಾರು ಎಂಬುದನ್ನು ಹಿರಿಯರನ್ನು ಕೇಳಿ ಇಂದೇ ಬರೆದಿಡಿ. ಫೋಟೋ ಹಿಂದೆ ಬರೆಯುವುದಾದರೆ ಪೆನ್ನು ಬೇಡ, ಮೆತ್ತಗಿನ ಪೆನ್ಸಿಲ್ಲಿನಲ್ಲಿ ಒತ್ತದೆ ಬರೆಯಿರಿ. ನೆಗೆಟಿವ್ ಸಿಕ್ಕರೆ ಮಾತ್ರ ಗುಜರಿಗೆ ಹಾಕಬೇಡಿ.

ಮೇಷ್ಟ್ರ ಅಪ್ಪಣೆ ಪಡೆದು ಆ ಯಾಶಿಕಾವನ್ನು ಇವತ್ತು ತಂದಿದ್ದೇನೆ. ಒಳಗೆ ಹನ್ನೆರಡು ಫೋಟೋಗಳ ರೋಲು ಇದೆ. ಊಟವಾದ ಮೇಲೆ ಎಲ್ಲ ಬ್ಯಾಚಿನವರೂ ಅಂಗಳಕ್ಕೆ ಬನ್ನಿ. ಈಗ ಓದುತ್ತಿರುವ ಮಕ್ಕಳು ಮುಂದಿನ ಸಾಲಿನಲ್ಲಿ ಕೂರಲಿ. ನೆಗೆಟಿವನ್ನು ಶಾಲೆಗೇ ಒಪ್ಪಿಸುತ್ತೇನೆ. ಫೋಟೋ ಬೇಕಾದ ಮಕ್ಕಳು ಹೆಸರು ಬರೆಸಿದರೆ ಸಾಕು, ದುಡ್ಡು ತರುವುದು ಬೇಡ.